ಕಪಾಟಿನ ಬೀಗ, ಕಥೆಯ ನೀತಿ

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಯೋಧನೊಬ್ಬ ಲೊಯೋಲದ ತನ್ನ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಬೇಸರ ಕಳೆಯಲು ವೀರರ ಸಾಹಸಕಥೆಗಳನ್ನು ತಂದುಕೊಡಿರೆಂದು ಕೇಳಿದ. ಅಂಥ ಪುಸ್ತಕ ಆ ಮನೆಯಲ್ಲಿ ಒಂದೂ ಇರಲಿಲ್ಲ. ಇದ್ದವು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ. ಬೇರೆ ದಾರಿ ಕಾಣದೆ ಅವನ್ನೇ ಓದತೊಡಗಿದ. ಆತನೇ ಮುಂದೆ ಸಂತ ಇಗ್ನೇಷಿಯಸ್ ಲೊಯೋಲಾ ಎಂದು ಲೋಕಕ್ಕೆ ಪರಿಚಿತನಾದ.

ಈ ಪ್ರಸಂಗವನ್ನು ನಾವು ಪ್ರಬೋಧನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಳ್ಳೆಯ ಪುಸ್ತಕ ಮನುಷ್ಯನನ್ನು ತಿದ್ದುತ್ತದೆ ಎಂಬ ಮಾತಿನೊಂದಿಗೆ ಅದನ್ನು ಮುಗಿಸಿಯೂ ಬಿಡುತ್ತೇವೆ. ಆದರೆ ಅದರಲ್ಲಿ ಇನ್ನೆರಡು ಸಂಗತಿಗಳು ಅಡಗಿವೆ. ಮೊದಲನೆಯದು, ಪುಸ್ತಕ ಕೈಗೆಟಕುವಂತೆ ಇತ್ತು. ಎರಡನೆಯದು, ಅದರ ಸಾರವನ್ನು ಬಾಯಿಪಾಠ ಮಾಡಿಸಲು ಆ ಹಾಸಿಗೆಯ ಬದಿಯಲ್ಲಿ ಯಾರೂ ಕುಳಿತಿರಲಿಲ್ಲ. ಓದಿದ ಮೇಲೆ ಆತ ಕನಸು ಕಂಡ. ವೀರಯೋಧನಾಗುವ ಕನಸು ಕಂಡಾಗ ಆ ಹೊತ್ತಿಗೆ ಹಿತವೆನಿಸಿ ಆಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬಾಳುವ ಕನಸು ಕಂಡಾಗ ಉಲ್ಲಾಸ ಬಹುಕಾಲ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಆತ ತಾನೇ ಗಮನಿಸಿದ. ವಿವೇಚನೆ ಎಂದು ನಾವು ಕರೆಯುವ ಆತ್ಮಿಕ ವರ ಆತನಲ್ಲಿ ಮೊಳೆತದ್ದು ಅಲ್ಲಿ.

ಕೈಗೆಟಕುವ ಪುಸ್ತಕ ಮತ್ತು ತಾನೇ ಯೋಚಿಸುವ ಸ್ವಾತಂತ್ರ್ಯ: ನಮ್ಮ ಮಕ್ಕಳಿಗೆ ಈ ಎರಡನ್ನೂ ನಾವು ಕೊಡುತ್ತಿದ್ದೇವೆಯೆ? ಶಾಲೆಯ ಗ್ರಂಥಾಲಯಕ್ಕೂ ಮನೆಗೂ ಎಂಥ ಪುಸ್ತಕಗಳನ್ನು ತರಬೇಕು ಎಂದು ಕೇಳುವ ಹೆತ್ತವರು ಮತ್ತು ಶಿಕ್ಷಕರಿಗೆ ಉತ್ತರವಾಗಿ ಕೆಲವು ಪುಸ್ತಕಗಳನ್ನು ಇಲ್ಲಿ ಶಿಫಾರಸು ಮಾಡುತ್ತಿದ್ದೇನೆ. ಬರಿಯ ಪಟ್ಟಿ ಕೊಟ್ಟು ಸುಮ್ಮನಾಗುವ ಬದಲು ಆಯ್ಕೆಯ ಹಿಂದಿನ ಅಳತೆಗೋಲನ್ನೂ ಓದುಗರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಸರಪಳಿಯ ಪುಸ್ತಕಗಳು

ಮಧ್ಯಯುಗದ ಯೂರೋಪಿನ ಚರ್ಚುಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಪ್ರಧಾನಾಲಯದಲ್ಲಿ ಅಂಥ ಗ್ರಂಥಾಲಯವನ್ನು ಇಂದಿಗೂ ಕಾಣಬಹುದು. ಕೈಯಿಂದ ಬರೆದ ಒಂದೊಂದು ಗ್ರಂಥಕ್ಕೂ ವರ್ಷಗಳ ಶ್ರಮ ಹಿಡಿಯುತ್ತಿದ್ದ ಆ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ತಮ್ಮ ಪ್ರಸಿದ್ಧ ಪಂಚಸೂತ್ರಗಳನ್ನು ಪ್ರಕಟಿಸಿದಾಗ ಮೊಟ್ಟಮೊದಲ ಸೂತ್ರದಲ್ಲಿ ಹೇಳಿದ್ದು ಒಂದೇ ಮಾತು: ಪುಸ್ತಕಗಳಿರುವುದು ಬಳಕೆಗಾಗಿ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುವು ಅದರ ಬೆನ್ನಿಗೇ ಬರುವ ಸೂತ್ರಗಳು. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಈ ಮಹನೀಯರ ಮಾತನ್ನು ಕರ್ನಾಟಕದ ಶಾಲೆಗಳಾದರೂ ಮರೆಯಬಾರದಿತ್ತು.

ಆದರೆ ಅನೇಕ ಶಾಲೆಗಳಲ್ಲಿ ಕಾಣುವುದೇನು? ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು. ಅದಕ್ಕೊಂದು ಬೀಗ. ಒಳಗೆ ಬೆನ್ನು ಬಿರಿಯದ ಹೊಸ ಪುಸ್ತಕಗಳು. ತಪಾಸಣೆಗೆ ಬಂದವರಿಗೆ ಎಣಿಸಿ ತೋರಿಸಲು ಅವು ಅಲ್ಲಿವೆ. ಕಳೆದುಹೋದರೆ, ಹರಿದುಹೋದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯ ಶಿಕ್ಷಕರಿಗೆ. ಆ ಭಯವನ್ನು ಹಗುರವಾಗಿ ಕಾಣಲಾಗದು. ಲೆಕ್ಕ ಕೇಳುವ ಆಡಳಿತ ಮಂಡಳಿಗಳು ನಮ್ಮವೂ ಇವೆ. ಆದರೂ ಒಂದು ಮಾತು ಹೇಳಲೇಬೇಕು. ಹತ್ತು ಮಕ್ಕಳು ಓದಿ ಹರಿದ ಪುಸ್ತಕ ಖರ್ಚಾದ ಪುಸ್ತಕವಷ್ಟೇ, ನಷ್ಟವಾದ ಪುಸ್ತಕವಲ್ಲ. ಹತ್ತು ವರ್ಷ ಕಪಾಟಿನಲ್ಲಿ ಕುಳಿತು ಗೆದ್ದಲು ಹಿಡಿದದ್ದೇ ನಿಜವಾದ ನಷ್ಟ. ಮಲೆನಾಡಿನ ತೇವಕ್ಕೆ ಮುಚ್ಚಿಟ್ಟ ಪುಸ್ತಕ ಎಷ್ಟು ಬೇಗ ಬೂಷ್ಟು ಹಿಡಿಯುತ್ತದೆಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕೆಂದೂ ಅದರಲ್ಲಿ ಪತ್ರಿಕೆಗಳೊಂದಿಗೆ ಕಥೆಪುಸ್ತಕಗಳೂ ಇರಬೇಕೆಂದೂ ಹೇಳುತ್ತದೆ. ಕಾನೂನೇ ಕಥೆಪುಸ್ತಕವನ್ನು ಹೆಸರಿಸಿರುವಾಗ ಅದನ್ನು ಪಾಠಕ್ಕೆ ಅಡ್ಡಿ ಎಂದು ಭಾವಿಸುವುದು ನಮಗೆ ಶೋಭಿಸದು.

'ನೀತಿ' ಎಂಬ ಕೊನೆಯ ಸಾಲು

ಇನ್ನು ಪುಸ್ತಕಗಳ ಒಳಗಿನ ಮಾತು. ನಮ್ಮ ಶಾಲೆಗಳಿಗೂ ಧರ್ಮೋಪದೇಶದ ತರಗತಿಗಳಿಗೂ ಕೊಳ್ಳುವ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಎರಡು ಪುಟದ ಕಥೆ; ಕೊನೆಯಲ್ಲಿ ದಪ್ಪಕ್ಷರದಲ್ಲಿ 'ನೀತಿ' ಎಂದು ಒಂದು ಸಾಲು. ಸುಳ್ಳು ಹೇಳಬಾರದು, ದುರಾಸೆ ಪಡಬಾರದು, ಹಿರಿಯರ ಮಾತು ಮೀರಬಾರದು. ಕಥೆಯಿಂದ ಮಗು ಏನು ಕಲಿಯಿತು ಎಂದು ಹೆತ್ತವರು ಕೇಳುವುದೂ ಆ ಸಾಲನ್ನೇ. ಚತುರ ಮಗು ಕಥೆಯನ್ನು ಓದದೆಯೇ ಕೊನೆಯ ಸಾಲನ್ನು ಒಪ್ಪಿಸಿ ಪಾರಾಗುತ್ತದೆ.

ಇದರ ಬಗ್ಗೆ ನನ್ನ ಆಕ್ಷೇಪವನ್ನು ಶುಭಸಂದೇಶದಿಂದಲೇ ಆರಂಭಿಸುತ್ತೇನೆ. ಲೋಕ ಕಂಡ ಅತ್ಯುತ್ತಮ ಕಥೆಗಾರರು ನಮ್ಮ ಪ್ರಭು ಯೇಸುಸ್ವಾಮಿ. ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿರುವ ದುಂದುಗಾರ ಮಗನ ಸಾಮತಿ ಹೇಗೆ ಮುಗಿಯುತ್ತದೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಕಿರಿಯ ಮಗ ಮರಳಿದ್ದಾನೆ, ಮನೆಯಲ್ಲಿ ಹಬ್ಬ. ಹೊಲದಿಂದ ಬಂದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಂತಿದ್ದಾನೆ. ತಂದೆ ಹೊರಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಮುಂದೆ? ಹಿರಿಯ ಮಗ ಒಳಗೆ ಹೋದನೋ ಇಲ್ಲವೋ? ಯೇಸುಸ್ವಾಮಿ ಅದನ್ನು ಹೇಳಲೇ ಇಲ್ಲ. ಕಥೆ ಅಂಗಳದಲ್ಲೇ ನಿಲ್ಲುತ್ತದೆ. ಕೇಳುತ್ತಿದ್ದ ಫರಿಸಾಯರಿಗೆ ಆ ಅಂಗಳದಲ್ಲಿ ನಿಂತಿರುವವರು ತಾವೇ ಎಂದು ಹೊಳೆಯಬೇಕಿತ್ತು. ಹೊಟ್ಟೆಕಿಚ್ಚು ಪಡಬಾರದು ಎಂಬ ಸಾಲನ್ನು ಕೊನೆಯಲ್ಲಿ ಸೇರಿಸಿದ್ದರೆ ಎಲ್ಲರೂ ತಲೆದೂಗಿ ಮನೆಗೆ ಹೋಗುತ್ತಿದ್ದರು. ಎರಡು ಸಾವಿರ ವರ್ಷ ಈ ಕಥೆ ಯಾರ ನಿದ್ದೆಯನ್ನೂ ಕೆಡಿಸುತ್ತಿರಲಿಲ್ಲ.

ಹಾಗೆಂದು ನೀತಿಯೇ ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಪಂಚತಂತ್ರದಿಂದ ಅಜ್ಜಿಕಥೆಯವರೆಗೆ ನಮ್ಮ ನಾಡಿನ ಕಥಾಪರಂಪರೆ ನೀತಿಯನ್ನು ಹೊತ್ತೇ ಬಂದಿದೆ. ಆದರೆ ಅಲ್ಲಿ ಮೊಸಳೆಯೂ ಮಂಗವೂ ಮೊದಲು ಜೀವ ತಳೆಯುತ್ತವೆ. ನೀತಿ ಆಮೇಲೆ ಬರುತ್ತದೆ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಬಲ್ಲದ ಕನ್ನಡಿಗರಿಲ್ಲ. ಬಣ್ಣದ ತಗಡಿನ ತುತ್ತೂರಿ ಕೊಂಡ ಹುಡುಗ ಜಂಬದಿಂದ ಬೀದಿಯಲ್ಲಿ ಮೆರೆಯುತ್ತಾನೆ. ತುತ್ತೂರಿ ಕೊಳಕ್ಕೆ ಜಾರುತ್ತದೆ. ಬಣ್ಣವೂ ದನಿಯೂ ಹೋಗುತ್ತವೆ. ಜಂಬದ ಮೇಲಿನ ಬುದ್ಧಿಮಾತು ಅಲ್ಲಿಯೂ ಇದೆ. ಆದರೆ ಮಗು ಆ ಪದ್ಯವನ್ನು ಬಿಡದೆ ಹಾಡುವುದು ಬುದ್ಧಿಮಾತಿಗಾಗಿಯಲ್ಲ, ಬಾಯಲ್ಲಿ ಕುಣಿಯುವ ಸ್ವರಗಳಿಗಾಗಿ. ನೀತಿ ನಗುತ್ತಾ ಬಂದರೆ ಮಗು ಬಾಗಿಲು ತೆರೆಯುತ್ತದೆ. ಬೆತ್ತ ಹಿಡಿದು ಬಂದರೆ ಅಡಗಿಕೊಳ್ಳುತ್ತದೆ.

ಸಂತ ಅಗುಸ್ತೀನರು ತಮ್ಮ ಆತ್ಮಕಥನದ ಮೊದಲ ಭಾಗದಲ್ಲೇ ಇದನ್ನು ಗುರುತಿಸಿದ್ದಾರೆ. ಹೊಡೆತದ ಭಯದಲ್ಲಿ ಕಲಿತ ಗ್ರೀಕ್ ಭಾಷೆಯನ್ನು ಅವರು ದ್ವೇಷಿಸಿದರು. ದಾದಿಯರ ಮುದ್ದಿನ ನಡುವೆ, ನಗುವ ಜನರ ಮಾತುಗಳ ನಡುವೆ ಕಿವಿಗೆ ಬಿದ್ದ ಲ್ಯಾಟಿನ್ ತಾನಾಗಿ ನಾಲಗೆಗೆ ಬಂದಿತು. ಭಯಕ್ಕಿಂತ ಕುತೂಹಲವೇ ದೊಡ್ಡ ಗುರು ಎಂಬುದು ಅವರ ಅನುಭವ. 2024ರ ಜುಲೈ 17ರಂದು ವಿಶ್ವಗುರು ಫ್ರಾನ್ಸಿಸರು ಸಾಹಿತ್ಯದ ಓದಿನ ಬಗ್ಗೆ ಬರೆದ ಪತ್ರವೂ ಇದೇ ದಾರಿಯದು. ಗುರುಪಟ್ಟಕ್ಕೆ ಸಿದ್ಧರಾಗುವವರನ್ನು ಮನಸ್ಸಿನಲ್ಲಿಟ್ಟು ಆರಂಭಿಸಿದ ಆ ಪತ್ರವನ್ನು ಅವರು ಎಲ್ಲ ಕ್ರೈಸ್ತರಿಗೂ ವಿಸ್ತರಿಸಿದರು. ತಾವು ತರುಣರಾಗಿದ್ದಾಗ ಅರ್ಜೆಂಟೀನಾದ ಶಾಲೆಯೊಂದರಲ್ಲಿ ಸಾಹಿತ್ಯ ಕಲಿಸಿದ ಅನುಭವವನ್ನು ಅಲ್ಲಿ ನೆನೆದಿದ್ದಾರೆ. ಪಠ್ಯದಲ್ಲಿದ್ದ ಹಳೆಯ ವೀರಕಾವ್ಯ ವಿದ್ಯಾರ್ಥಿಗಳಿಗೆ ರುಚಿಸಲಿಲ್ಲವಂತೆ. ಅದನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಿ, ತರಗತಿಯಲ್ಲಿ ಅವರಿಗೆ ಪ್ರಿಯವಾದ ಲೇಖಕರನ್ನೇ ಕೈಗೆತ್ತಿಕೊಂಡರಂತೆ. ಕರ್ತವ್ಯವೆಂದು ಓದಿಸುವುದರಿಂದ ಓದಿಗೇ ಕೇಡು ಎಂಬ ಅವರ ನಿಲುವು ನಮ್ಮ ಶಾಲೆಗಳು ಗಮನಿಸತಕ್ಕದ್ದು.

ಗಟ್ಟಿಯಾಗಿ ಓದಿ ಹೇಳಲು

ಮೊದಲು ಚಿಕ್ಕವರ ವಿಷಯ. ಐದರಿಂದ ಒಂಬತ್ತು ವರ್ಷದವರೆಗಿನ ಮಕ್ಕಳಿಗೆ ಪುಸ್ತಕ ಕಿವಿಯ ಮೂಲಕ ತಲುಪಬೇಕು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗಿಂತ ಇದಕ್ಕೆ ತಕ್ಕ ಪುಸ್ತಕ ಕನ್ನಡದಲ್ಲಿ ವಿರಳ. ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಈ ಕವಿ, ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ತುಂಗೆಯ ದಡಕ್ಕೆ ತಂದು ನೆಲೆಗೊಳಿಸಿದರು. ಇಲಿಗಳ ಕಾಟ ತಪ್ಪಿಸಿದವನಿಗೆ ಕೊಟ್ಟ ಮಾತನ್ನು ಊರಿನ ಹಿರಿಯರು ಮುರಿಯುತ್ತಾರೆ. ಮಕ್ಕಳು ಅವನ ಹಿಂದೆ ಹೊರಟುಹೋಗುತ್ತಾರೆ. ಕಥೆ ದುಃಖದ್ದಾಯಿತಲ್ಲ ಎಂದು ಕೆಲವು ಹೆತ್ತವರು ಅಂಜುವುದುಂಟು. ಅಂಜಬೇಕಾದವರು ಮಕ್ಕಳಲ್ಲ, ಮಾತು ಮುರಿಯುವ ದೊಡ್ಡವರು. ದೊಡ್ಡವರ ತಪ್ಪಿಗೆ ಮಕ್ಕಳನ್ನು ಕಳೆದುಕೊಂಡ ಊರಿನ ಚಿತ್ರ ಮಗುವಿನ ಮನಸ್ಸಿನಲ್ಲಿ ನಿಂತರೆ, ಮಾತು ಉಳಿಸಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಂಜೆ ಮಂಗೇಶರಾಯರ (1874–1937) ಮಕ್ಕಳ ಕಥೆಗಳೂ ಪದ್ಯಗಳೂ ಎರಡನೆಯ ಆಯ್ಕೆ. ಬಂಟ್ವಾಳದಲ್ಲಿ ಹುಟ್ಟಿ, ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಪಂಜೆಯವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಕನ್ನಡದಲ್ಲಿ ಮಕ್ಕಳಿಗಾಗಿಯೇ ಬರೆಯಬೇಕು ಎಂಬ ಪ್ರಜ್ಞೆಗೆ ಗಟ್ಟಿ ತಳಹದಿ ಹಾಕಿದವರಲ್ಲಿ ಅವರು ಅಗ್ರಗಣ್ಯರು. ಕರಾವಳಿಯ ಕೆಲವು ಮಾತುಗಳು, ನೂರು ವರ್ಷದ ಹಿಂದಿನ ಕೆಲವು ವಸ್ತುಗಳ ಹೆಸರುಗಳು ಇಂದಿನ ಮಕ್ಕಳಿಗೆ ತೊಡಕಾಗಬಹುದು. ಆದುದರಿಂದ ಇವನ್ನು ಮಗುವಿನ ಕೈಗೆ ಕೊಟ್ಟು ದೂರ ಸರಿಯಬಾರದು. ಅಜ್ಜನೋ ಅಜ್ಜಿಯೋ ಪಕ್ಕದಲ್ಲಿ ಕುಳಿತು ಓದಬೇಕು. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮ ಎಷ್ಟೋ ಕುಟುಂಬಗಳಲ್ಲಿ ಆ ಮಾತುಗಳು ಅಜ್ಜಿಯ ಬಾಯಲ್ಲಿ ಇನ್ನೂ ಬದುಕಿವೆ.

ನಮ್ಮ ಗುಡ್ಡಗಳ ಪುಸ್ತಕ

ಹೈಸ್ಕೂಲಿನ ಮಕ್ಕಳಿಗೆ ಪುಸ್ತಕ ಹುಡುಕಲು ಬಾಳೂರಿನವರು ದೂರ ಹೋಗಬೇಕಾಗಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಬರೆದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರ ಕೃತಿಗಳಿವೆ. ಅವರ ಹೆಸರಿನ ಪ್ರತಿಷ್ಠಾನ ಸಮೀಪದ ಕೊಟ್ಟಿಗೆಹಾರದಲ್ಲೇ ಇದೆ. 1991ರ 'ಪರಿಸರದ ಕಥೆ'ಯನ್ನು ಆರನೆಯ ತರಗತಿಯಿಂದ ಮೇಲಿನ ಯಾವ ಮಗುವಾದರೂ ಓದಬಹುದು. ಇಲ್ಲಿ ಪರಿಸರ ಉಳಿಸಿ ಎಂಬ ಘೋಷಣೆಯಿಲ್ಲ. ನಾಯಿ ಇದೆ, ಹಕ್ಕಿಮರಿ ಇದೆ, ತೋಟದ ಆಳುಗಳಿದ್ದಾರೆ, ಅವರ ನಂಬಿಕೆಗಳೂ ಪರದಾಟಗಳೂ ಇವೆ. ಬಿದ್ದು ಬಿದ್ದು ನಗುವಾಗಲೇ ಕಾಡಿನ ಜೀವಜಾಲದ ಅರಿವು ಮೂಡುತ್ತದೆ. ಪರಿಸರ ದಿನಾಚರಣೆಯ ಹತ್ತು ಭಾಷಣಗಳು ಮಾಡಲಾರದ್ದನ್ನು ಈ ಪುಸ್ತಕದ ಒಂದು ಅಧ್ಯಾಯ ಮಾಡುತ್ತದೆ.

1980ರಲ್ಲಿ ಪ್ರಕಟವಾದ 'ಕರ್ವಾಲೊ' ಕಾದಂಬರಿಯನ್ನು ಒಂಬತ್ತು, ಹತ್ತನೆಯ ತರಗತಿಯವರಿಗೆ ಒಪ್ಪಿಸಬೇಕು. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಒಂದು ತಂಡದ ಕಥೆ ಅದು. ಕಥೆಯ ಹೃದಯದಲ್ಲಿರುವವನು ಮಂದಣ್ಣ. ಊರಿನ ಕಣ್ಣಿಗೆ ಅವನೊಬ್ಬ ಕೆಲಸಕ್ಕೆ ಬಾರದ ಪೆದ್ದ. ಜೇನು ಹುಡುಕಿಕೊಂಡು ಅಲೆಯುವವನು. ಸರ್ಕಾರಿ ಕೆಲಸಕ್ಕಾಗಿ, ಮದುವೆಗಾಗಿ ಹಪಹಪಿಸುವವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಅವನ ಕಣ್ಣು ಕಂಡಿದೆ ಎಂದು ತಿಳಿದು, ಅಷ್ಟು ದೊಡ್ಡ ವಿದ್ವಾಂಸರು ಅವನ ಹಿಂದೆ ನಡೆಯುತ್ತಾರೆ. ನಮ್ಮವರದೇ ಹೆಸರು ಹೊತ್ತ ಈ ಪಾತ್ರವನ್ನು ತೇಜಸ್ವಿಯವರು ಯಾವ ವಿಶೇಷಣವನ್ನೂ ಅಂಟಿಸದೆ, ಜ್ಞಾನದಷ್ಟೇ ವಿನಯವೂ ಇರುವ ಮನುಷ್ಯನಾಗಿ ಚಿತ್ರಿಸಿದ್ದಾರೆ. ಕೊನೆಗೆ ಓತಿ ಕೈಗೆ ಸಿಗುವುದಿಲ್ಲ. ಪ್ರಪಾತದ ಆಳಕ್ಕೆ ತೇಲಿಹೋಗುತ್ತದೆ. ಇಲ್ಲಿಯೂ ಕಥೆ ನಮ್ಮನ್ನು ಬಂಡೆಯ ಅಂಚಿನಲ್ಲಿ ನಿಲ್ಲಿಸಿ ಸುಮ್ಮನಾಗುತ್ತದೆ.

ಲೈನುಮನೆಯಲ್ಲಿ ಬೆಳೆಯುವ ಮಗುವೊಂದು, ಪರೀಕ್ಷೆಯಲ್ಲಿ ಅಂಕ ಬಾರದೆ ದಡ್ಡ ಎನಿಸಿಕೊಂಡ ಮಗುವೊಂದು, ಈ ಪುಸ್ತಕ ಓದಿ ಮಂದಣ್ಣನಲ್ಲಿ ತನ್ನನ್ನು ಕಂಡರೆ ಅದಕ್ಕಿಂತ ದೊಡ್ಡ ಧೈರ್ಯ ಬೇರೊಂದಿಲ್ಲ. ಶಿಕ್ಷಕರು ಓದಿದರೆ ಇನ್ನೂ ಒಳ್ಳೆಯದು. ತಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಮಂದಣ್ಣ ಕುಳಿತಿರುವನೆ ಎಂದು ಹುಡುಕುವಂತಾದೀತು.

ರೈಲು ಡಬ್ಬಿಯ ಗ್ರಂಥಾಲಯ

ಹೊರನಾಡಿನಿಂದ ಬಂದ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಹೆಸರಿಸುವೆ. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ 'ತೊತ್ತೋ ಚಾನ್' ಎಂಬ ಬಾಲ್ಯಕಥನವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿಯೂ ತಂದಿದೆ. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿಯನ್ನು ತಾಯಿ ಹೊಸ ಶಾಲೆಗೆ ಕರೆದೊಯ್ಯುತ್ತಾಳೆ. ಅಲ್ಲಿನ ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನವೇ ಗಂಟೆಗಟ್ಟಲೆ ಕುಳಿತು ಅವಳ ಮಾತನ್ನೆಲ್ಲ ಕೇಳುತ್ತಾರೆ. ತರಗತಿಗಳು ನಡೆಯುವುದು ಹಳೆಯ ರೈಲು ಡಬ್ಬಿಗಳಲ್ಲಿ. ಮುಂದೆ ಒಂದು ಡಬ್ಬಿ ಗ್ರಂಥಾಲಯಕ್ಕೆಂದೇ ಬರುತ್ತದೆ. ಯಾವ ತರಗತಿಯವರು ಯಾವ ಪುಸ್ತಕ ಓದಬೇಕೆಂಬ ಕಟ್ಟಳೆ ಅಲ್ಲಿಲ್ಲ. ಬೇಕಾದವರು ಬೇಕಾದಾಗ ಬೇಕಾದದ್ದನ್ನು ಓದಬಹುದು. ಕೊಬಾಯಾಶಿಯವರಿಗೆ ರಂಗನಾಥನ್ ಅವರ ಸೂತ್ರಗಳ ಪರಿಚಯವಿತ್ತೆಂದು ನಾವು ಊಹಿಸಬೇಕಾಗಿಲ್ಲ. ಮಕ್ಕಳನ್ನು ಪ್ರೀತಿಸುವವರು ಎಲ್ಲಿದ್ದರೂ ಅದೇ ಸೂತ್ರಕ್ಕೆ ಬಂದು ಮುಟ್ಟುತ್ತಾರೆ.

ಪೋಲಿಯೊ ತಗುಲಿದ ಗೆಳೆಯ ಯಾಸುವಾಕಿಯನ್ನು ತೊತ್ತೋ ಹರಸಾಹಸ ಮಾಡಿ ಮರ ಹತ್ತಿಸುವ ಪ್ರಸಂಗ ಈ ಪುಸ್ತಕದ ಶಿಖರ. ಆ ಗೆಳೆಯ ಮುಂದೆ ತೀರಿಕೊಳ್ಳುತ್ತಾನೆ. ಅವನು ಓದಲು ಕೊಟ್ಟ ಪುಸ್ತಕ ಅವಳ ಬಳಿಯೇ ಉಳಿಯುತ್ತದೆ. 1945ರ ಬಾಂಬ್ ದಾಳಿಯಲ್ಲಿ ಆ ಶಾಲೆಯೂ ಸುಟ್ಟುಹೋಗುತ್ತದೆ. ಅಂಗವೈಕಲ್ಯ, ಸಾವು, ಯುದ್ಧ ಎಲ್ಲವೂ ಇಲ್ಲಿವೆ. ಆದರೂ ಪುಸ್ತಕ ಮುಚ್ಚಿದಾಗ ಮನಸ್ಸು ಕುಗ್ಗುವುದಿಲ್ಲ, ಅರಳುತ್ತದೆ. ಮಕ್ಕಳು ದುಃಖವನ್ನು ತಾಳಲಾರರೆಂಬುದು ದೊಡ್ಡವರ ಭ್ರಮೆ. ಒಳ್ಳೆಯ ಜೊತೆಯಿದ್ದರೆ ಅವರು ತಾಳುತ್ತಾರೆ. ಒಳ್ಳೆಯ ಪುಸ್ತಕ ಅಂಥ ಜೊತೆ.

ಹೊಸ ಬರಹಗಳು

ಹಳೆಯದನ್ನೇ ಹೊಗಳಿ ಹೊಸಬರನ್ನು ಮರೆಯುವುದು ನ್ಯಾಯವಲ್ಲ. ಚಂದಮಾಮದಂಥ ಪತ್ರಿಕೆ ನಿಂತುಹೋದ ಮೇಲೆ ಕನ್ನಡದಲ್ಲಿ ಮಕ್ಕಳಿಗೆ ಬರೆಯುವವರೇ ಇಲ್ಲ ಎಂಬ ಹಳಹಳಿಕೆ ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡದಲ್ಲಿ ಅದನ್ನು ಪಡೆದದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'. ಇತ್ತೀಚಿನ ವರ್ಷಗಳಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ' (2022), ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' (2023), ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' (2024), ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್ ಬುಕ್' (2025) ಪುರಸ್ಕೃತವಾಗಿವೆ. 'ರಾಜಕುಮಾರಿ', 'ಮಾಯಾಕುದುರೆ' ಎಂಬ ಹಳೆಯ ಹೆಸರುಗಳ ಜಾಗದಲ್ಲಿ ಗುಹೆ, ಗೇಟು, ನೋಟ್ ಬುಕ್ಕು ಬಂದಿರುವುದೇ ಒಂದು ಸೂಚನೆ: ಮಗು ದಿನವೂ ಕಾಣುವ ಲೋಕದಿಂದಲೇ ಕಥೆ ಹುಟ್ಟಬಹುದೆಂಬ ವಿಶ್ವಾಸ ಈ ಲೇಖಕರಲ್ಲಿದೆ. ಶಾಲಾ ಗ್ರಂಥಾಲಯಗಳು ಈ ಆರನ್ನೂ ತರಿಸಿಕೊಳ್ಳಲಿ.

ಆದರೆ ಒಂದು ಎಚ್ಚರ. ಪ್ರಶಸ್ತಿ ಕೊಡುವವರು ದೊಡ್ಡವರು, ಓದಬೇಕಾದವರು ಮಕ್ಕಳು. ಈ ಪುಸ್ತಕಗಳನ್ನು ಮಕ್ಕಳ ಮುಂದಿಟ್ಟು, ಯಾವುದು ಹೆಚ್ಚು ಕೈ ಬದಲಾಯಿಸುತ್ತದೆ, ಯಾವುದರ ಮೂಲೆಗಳು ಬೇಗ ಮಡಚುತ್ತವೆ ಎಂದು ಶಿಕ್ಷಕರು ಗಮನಿಸಲಿ. ಅದೇ ಮಕ್ಕಳ ತೀರ್ಪು.

ಓದಲು ಈಗಷ್ಟೇ ಕಲಿಯುತ್ತಿರುವವರಿಗೆ ಚಿತ್ರಪುಸ್ತಕಗಳು ಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಕಡಿಮೆ ಬೆಲೆಗೆ ಇಂಥ ಪುಸ್ತಕಗಳನ್ನು ಕನ್ನಡದಲ್ಲಿ ಪ್ರಕಟಿಸುತ್ತಿದೆ. 2015ರಿಂದ ಅದರ 'ಸ್ಟೋರಿವೀವರ್' ತಾಣದಲ್ಲಿ ಅವನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅವಕಾಶವಿದೆ. ಮನೆಯಲ್ಲಿ ಕೊಂಕಣಿ, ತಮಿಳು, ಮಲಯಾಳಂ ಮಾತನಾಡುವ ಮಕ್ಕಳಿಗೆ ಅದೇ ಕಥೆ ಆ ಭಾಷೆಗಳಲ್ಲೂ ಸಿಗುವ ಸಾಧ್ಯತೆ ಇದರ ವಿಶೇಷ. ಅನುವಾದಗಳು ಎಲ್ಲವೂ ಒಂದೇ ಮಟ್ಟದವಲ್ಲ. ಆಯ್ದುಕೊಳ್ಳುವಾಗ ಕನ್ನಡ ಶಿಕ್ಷಕರು ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ.

ಬಾಲ್ಯವಿಲ್ಲದ ಸಂತರು

ನಮ್ಮದೇ ಪುಸ್ತಕಗಳ ವಿಷಯಕ್ಕೂ ಬರಬೇಕು. ಮಕ್ಕಳಿಗೆಂದು ಬರೆದ ನಮ್ಮ ಸಂತರ ಚರಿತ್ರೆಗಳಲ್ಲಿ ಹೆಚ್ಚಿನ ಸಂತರಿಗೆ ಬಾಲ್ಯವೇ ಇಲ್ಲ. ತೊಟ್ಟಿಲಿನಲ್ಲೇ ಅವರು ಕೈಮುಗಿಯುತ್ತಾರೆ. ಆಟವಾಡುವುದಿಲ್ಲ, ಜಗಳವಾಡುವುದಿಲ್ಲ, ತಪ್ಪು ಮಾಡುವುದಿಲ್ಲ. ಇಂಥವರನ್ನು ಮಗು ಗೌರವಿಸಬಹುದು, ಅನುಸರಿಸಲಾರದು. ನಿಜವಾದ ಸಂತರು ಹೀಗಿರಲಿಲ್ಲ. ಹದಿನಾರರ ಹರೆಯದಲ್ಲಿ ಗೆಳೆಯರೊಡನೆ ಪಕ್ಕದ ತೋಟದಿಂದ ಹಣ್ಣು ಕದ್ದದ್ದನ್ನು, ಅದೂ ಹಸಿವಿಗಾಗಿಯಲ್ಲದೆ ಕದಿಯುವ ಖುಷಿಗಾಗಿ ಕದ್ದದ್ದನ್ನು, ಸಂತ ಅಗುಸ್ತೀನರು ಮರೆಮಾಚಲಿಲ್ಲ. ಗಾಂಧೀಜಿಯವರು ಚಿನ್ನದ ಚೂರು ಕದ್ದು ತಂದೆಗೆ ಚೀಟಿ ಬರೆದು ಒಪ್ಪಿಕೊಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ಬಿಡಲಿಲ್ಲ. ಅವರೇ ಮುಚ್ಚಿಡದಿದ್ದುದನ್ನು ಮಕ್ಕಳ ಪುಸ್ತಕದಲ್ಲಿ ನಾವೇಕೆ ಮುಚ್ಚಿಡಬೇಕು? ತಪ್ಪಿ ನಡೆದವನು ಎದ್ದು ಬರಬಹುದೆಂಬುದೇ ಅಲ್ಲವೆ ನಮ್ಮ ವಿಶ್ವಾಸದ ತಿರುಳು? ನಮ್ಮ ಪ್ರಕಾಶನಗಳು ಇತ್ತ ಗಮನ ಹರಿಸಿದರೆ ಧರ್ಮೋಪದೇಶದ ತರಗತಿಗೆ ಹೊಸ ಜೀವ ಬರುತ್ತದೆ.

ಕೊಳ್ಳುವ ಮುನ್ನ

ಪುಸ್ತಕ ಕೊಳ್ಳುವಾಗ ಐದು ನಿಮಿಷದ ಪರೀಕ್ಷೆಯೊಂದನ್ನು ಮಾಡಬಹುದು. ಲೇಖಕರ, ಚಿತ್ರಕಾರರ, ಅನುವಾದವಾದರೆ ಅನುವಾದಕರ ಹೆಸರು ಇದೆಯೆ? ಯಾರ ಹೆಸರೂ ಇಲ್ಲದ ಮಿರುಗುವ ಹೊದಿಕೆಯ ಪುಸ್ತಕಗಳನ್ನು ದೂರವಿಡಿ. ಹೊಣೆ ಹೊರುವವರಿಲ್ಲದ ಕಡೆ ಭಾಷೆಯೂ ಸೊರಗಿರುತ್ತದೆ. ನಡುವಿನ ಒಂದು ಪುಟವನ್ನು ಗಟ್ಟಿಯಾಗಿ ಓದಿ. ನಾಲಗೆ ತೊಡರಿದರೆ ಮಗುವಿನದೂ ತೊಡರುತ್ತದೆ. ಕೊನೆಯ ಪುಟ ನೋಡಿ: ಕಥೆ ಮಗುವಿಗೆ ಯೋಚಿಸಲು ಏನನ್ನಾದರೂ ಉಳಿಸಿದೆಯೆ, ಅಥವಾ ಎಲ್ಲವನ್ನೂ ತಾನೇ ಹೇಳಿ ಬಾಗಿಲು ಹಾಕಿದೆಯೆ? ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ರಿಯಾಯಿತಿ ಮಾರಾಟಗಳು ನಡೆಯುತ್ತವೆ. ಶಾಲೆಗಳು ವರ್ಷದ ಖರೀದಿಗೆ ಆ ಸಮಯವನ್ನು ಬಳಸಿಕೊಳ್ಳಬಹುದು.

ಕೊಳ್ಳಲು ಶಕ್ತಿಯಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಮರೆಯಬಾರದು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಆ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿವೆ. ಮಕ್ಕಳನ್ನು ಅಲ್ಲಿಗೆ ಒಮ್ಮೆ ಕೈಹಿಡಿದು ಕರೆದೊಯ್ಯುವುದಷ್ಟೇ ನಮ್ಮ ಕೆಲಸ; ಎರಡನೆಯ ಸಲ ಅವರೇ ನಮ್ಮನ್ನು ಎಳೆದೊಯ್ಯುತ್ತಾರೆ.

ಪಣದಲ್ಲಿರುವುದು ಏನು?

ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗನಿಗೆ ಕನ್ನಡ ಕಥೆಪುಸ್ತಕ ಯಾವ ಉಪಯೋಗಕ್ಕೆ ಎಂದೂ ಕೇಳುವವರಿದ್ದಾರೆ. ಅವರಿಗೆ ವಿನಯಪೂರ್ವಕವಾಗಿ ಹೇಳುವುದಿಷ್ಟು. ನಮ್ಮ ಈ ಗುಡ್ಡಗಳಲ್ಲಿ ಬೆಳೆಯುವ ಮಗು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಆಡುತ್ತದೆ. ಮೂರನ್ನೂ ಆಡಬಲ್ಲದು, ಒಂದರಲ್ಲೂ ಸಲೀಸಾಗಿ ಓದಲಾರದು ಎಂಬ ಸ್ಥಿತಿ ಹರಡುತ್ತಿದೆ. ಬಲಿಪೂಜೆಯಲ್ಲಿ ವಾಚನ ಓದಲು ಯುವಕರು ಹಿಂಜರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ವಿಶ್ವಾಸದ ಕೊರತೆಯಿಲ್ಲ, ಅಕ್ಷರದ ಅಂಜಿಕೆಯಿದೆ. ಎಂಟನೆಯ ವಯಸ್ಸಿನಲ್ಲಿ ಕಿಂದರಿಜೋಗಿಯನ್ನು ಖುಷಿಯಿಂದ ಓದದವನು ಹದಿನೆಂಟರಲ್ಲಿ ಯೆಶಾಯನ ಗ್ರಂಥವನ್ನು ಧೈರ್ಯದಿಂದ ಓದುವುದು ಹೇಗೆ? ದೇವರ ವಾಕ್ಯ ನಮಗೆ ಬಂದಿರುವುದು ಗ್ರಂಥದ ರೂಪದಲ್ಲಿ. ಓದುವ ಅಭ್ಯಾಸ ಬತ್ತಿದ ಮನೆಯಲ್ಲಿ ಪವಿತ್ರ ಬೈಬಲ್ ಕೂಡ ಗಾಜಿನ ಕಪಾಟಿನ ಅಲಂಕಾರವಾಗಿಬಿಡುತ್ತದೆ.

ಬಾಳೂರಿನ ಸುತ್ತ ಮಳೆಗಾಲವೆಂದರೆ ಸಣ್ಣ ಕಾಲವಲ್ಲ. ಶಾಲೆಗೆ ಮಳೆ ರಜೆ, ಕರೆಂಟಿಲ್ಲದ ಸಂಜೆ, ಮೊಬೈಲಿಗೆ ಸಿಗ್ನಲ್ ಇಲ್ಲದ ದಿನಗಳು ನಮಗೆ ಹೊಸತಲ್ಲ. ಅವನ್ನು ಶಾಪವೆಂದು ಬಗೆಯುವ ಬದಲು ಓದಿನ ಋತುವಾಗಿ ಮಾಡಿಕೊಳ್ಳಬಹುದು. ಪ್ರಥಮ ಪರಮಪ್ರಸಾದದ ದಿನ ಮಗುವಿಗೆ ಸಿಗುವ ಉಡುಗೊರೆಗಳಲ್ಲಿ ಒಂದಾದರೂ ಕಥೆಪುಸ್ತಕವಿರಲಿ. ಧರ್ಮಕೇಂದ್ರದ ಸಭಾಭವನದ ಒಂದು ಮೂಲೆಯಲ್ಲಿ ಬಾಗಿಲಿಲ್ಲದ ಒಂದು ಕಪಾಟು ಇರಲಿ. ಭಾನುವಾರ ಪೂಜೆಯ ನಂತರ ಮಕ್ಕಳು ಅದರಿಂದ ಪುಸ್ತಕ ಒಯ್ಯಲಿ. ಮುಂದಿನ ಭಾನುವಾರ ಮರಳಿ ತರಲಿ. ಒಂದೆರಡು ಮರಳಿ ಬಾರದಿದ್ದರೆ ಚಿಂತೆ ಬೇಡ. ಅವು ಯಾವುದೋ ಮನೆಯಲ್ಲಿ, ಯಾವುದೋ ಮಗುವಿನ ತಲೆದಿಂಬಿನ ಕೆಳಗೆ ಇರುತ್ತವೆ. ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?